ಜಮೈಕದ ಆರ್ಥರ್ ವಿಂಟರು

ಓದಬೇಕೋ ಓಡಬೇಕೋ ಎಂಬ ಪ್ರಶ್ನೆ ನಮ್ಮಂಥವರ ಮನೆಗಳಲ್ಲಿ ಬಹಳ ದಿನ ಪ್ರಶ್ನೆಯಾಗಿ ಉಳಿಯುವುದಿಲ್ಲ. ಕೂಲಿನಾಲಿ ಮಾಡಿ ಮಕ್ಕಳನ್ನು ಶಾಲೆಗೆ ಕಳುಹಿಸುವ ತಂದೆತಾಯಿಗಳಿಗೆ ಅದರ ಉತ್ತರ ಮೊದಲೇ ತಿಳಿದಿರುತ್ತದೆ. ನಾನು ಹತ್ತನೆಯ ತರಗತಿಯಲ್ಲಿದ್ದಾಗ ತಾಲ್ಲೂಕು ಕ್ರೀಡಾಕೂಟದ 400 ಮೀಟರ್ ಓಟದಲ್ಲಿ ಮೊದಲ ಸ್ಥಾನ ಪಡೆದು, ಬಹುಮಾನದ ಸ್ಟೀಲ್ ತಟ್ಟೆಯೊಂದನ್ನು ಮನೆಗೆ ತಂದೆ. ಅವ್ವ ಅದೇ ತಟ್ಟೆಯಲ್ಲಿ ನನಗೆ ಊಟ ಬಡಿಸಿದಳು. ಇನ್ನು ಓಟ ಬಿಟ್ಟು ಪರೀಕ್ಷೆಯ ಕಡೆ ನೋಡುವಂತೆ ಹೇಳಿದಳು. ಜಿಲ್ಲಾ ಪಂದ್ಯಕ್ಕೆ ನಾನು ಹೋಗಲಿಲ್ಲ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲು. ಆದುದರಿಂದ ಅವ್ವನ ಮಾತು ತಪ್ಪೆಂದು ಹೇಳುವ ಧೈರ್ಯ ನನಗೆ ಇಂದಿಗೂ ಇಲ್ಲ. ಆದರೆ ಓಡುವವರು ಓದಲಾರರು ಎಂಬ ನಂಬಿಕೆಯನ್ನು ನನ್ನ ಮನಸ್ಸಿನಿಂದ ಬೇರುಸಹಿತ ಕಿತ್ತುಹಾಕಿದ ಮಹನೀಯರೊಬ್ಬರ ಜೀವನವನ್ನು ಇಲ್ಲಿ ಸಂಗ್ರಹವಾಗಿ ಹೇಳಬಯಸುತ್ತೇನೆ.

ಜಮೈಕ ಎಂಬುದು ಕೆರಿಬಿಯನ್ ಸಮುದ್ರದ ಒಂದು ದ್ವೀಪ. ವಿಸ್ತೀರ್ಣದಲ್ಲಿಯೂ ಜನಸಂಖ್ಯೆಯಲ್ಲಿಯೂ ಅದು ನಮ್ಮ ಬೆಳಗಾವಿ ಜಿಲ್ಲೆಗಿಂತ ಚಿಕ್ಕದು. ಬೆಂಗಳೂರಿನ ತಂಡಕ್ಕಾಗಿ ಆಡಿ ನಮ್ಮ ಹುಡುಗರ ಮನಸ್ಸನ್ನು ಸೂರೆಗೊಂಡ ಕ್ರಿಸ್ ಗೇಲ್ ಆ ನಾಡಿನವರೇ. 2009ರಲ್ಲಿ ಬರ್ಲಿನ್ ನಗರದಲ್ಲಿ 100 ಮೀಟರ್ ದೂರವನ್ನು 9.58 ಸೆಕೆಂಡುಗಳಲ್ಲಿ ಓಡಿ ಜಗತ್ತನ್ನು ಬೆರಗುಗೊಳಿಸಿದ ಉಸೇನ್ ಬೋಲ್ಟ್ ಕೂಡ ಅಲ್ಲಿಯವರೇ. ಅಂಗೈಯಷ್ಟು ನಾಡಿನಲ್ಲಿ ಇಷ್ಟೊಂದು ಓಟಗಾರರು ಹುಟ್ಟಲು ಕಾರಣವೇನು? ಅದು ರಕ್ತದ ಗುಣವೆಂದು ಕೆಲವರು ಹೇಳುತ್ತಾರೆ. ಬೋಲ್ಟರ ತಂದೆ ತಮ್ಮೂರಿನ ಗೆಡ್ಡೆಯೇ ಮಗನ ಶಕ್ತಿಗೆ ಮೂಲವೆಂದು ಹೇಳಿದ್ದುಂಟು. ಆದರೆ ಆಫ್ರಿಕದ ಮೂಲದ ಜನ ಸುತ್ತಲಿನ ಅನೇಕ ದ್ವೀಪಗಳಲ್ಲಿದ್ದಾರೆ. ಗೆಡ್ಡೆಯನ್ನು ಅವರೂ ತಿನ್ನುತ್ತಾರೆ. ಪದಕಗಳು ಮಾತ್ರ ಜಮೈಕಕ್ಕೆ ಬಂದಷ್ಟು ಅವರಿಗೆ ಬಂದಿಲ್ಲ. ಹಾಗಾದರೆ ಕಾರಣವನ್ನು ಬೇರೆ ಕಡೆ ಹುಡುಕಬೇಕು. ಆ ಹುಡುಕಾಟಕ್ಕೆ ಆರ್ಥರ್ ವಿಂಟರ ಜೀವನ ಒಳ್ಳೆಯ ಕೈದೀವಿಗೆ.

ವಿಂಟರು ಹುಟ್ಟಿದ್ದು 1920ನೆಯ ಇಸವಿ ಮೇ 25ರಂದು, ಜಮೈಕದ ಮ್ಯಾಂಚೆಸ್ಟರ್ ಎಂಬ ಜಿಲ್ಲೆಯಲ್ಲಿ. ಆಗ ಆ ದ್ವೀಪ ಬ್ರಿಟಿಷರ ಅಧೀನದಲ್ಲಿತ್ತು. 1908ರಲ್ಲಿ ಜಿ. ಸಿ. ಫಾಸ್ಟರ್ ಎಂಬ ಯುವಕ ಬಾಳೆಹಣ್ಣು ಸಾಗಿಸುವ ಹಡಗನ್ನೇರಿ ಲಂಡನ್ ಒಲಿಂಪಿಕ್ಸಿಗೆ ಹೋದಾಗ, ಅವನ ನಾಡು ಒಲಿಂಪಿಕ್ ಸಂಸ್ಥೆಗೆ ಸೇರಿಲ್ಲವೆಂಬ ಕಾರಣದಿಂದ ಅವನನ್ನು ಓಡಗೊಡಲಿಲ್ಲ. ಹೊರಗೆ ಬಾಗಿಲು ಹೀಗೆ ಮುಚ್ಚಿದ್ದರೂ ಒಳಗೆ ಮತ್ತೊಂದು ಬಾಗಿಲು ತೆರೆಯಿತು. 1910ರಿಂದ ಜಮೈಕದ ಪ್ರೌಢಶಾಲೆಗಳು ತಮ್ಮತಮ್ಮೊಳಗೆ ಓಟದ ಪಂದ್ಯಗಳನ್ನು ನಡೆಸತೊಡಗಿದವು. ಜನ ಅದನ್ನು ಪ್ರೀತಿಯಿಂದ ಚಾಂಪ್ಸ್ ಎಂದು ಕರೆಯುತ್ತಾರೆ. ನಮ್ಮಲ್ಲಿ ಊರಹಬ್ಬ ಹೇಗೋ ಅವರಿಗೆ ಅದು ಹಾಗೆ. ಈ ಗಾಳಿಯಲ್ಲಿಯೇ ಬಾಲಕ ಆರ್ಥರ್ ಬೆಳೆದ. ಕಲಬಾರ್ ಮತ್ತು ಎಕ್ಸೆಲ್ಸಿಯರ್ ಶಾಲೆಗಳಲ್ಲಿ ಓದಿ, 1937ರಲ್ಲಿ ಜಮೈಕದ ಶ್ರೇಷ್ಠ ಬಾಲ ಕ್ರೀಡಾಪಟುವೆಂಬ ಗೌರವ ಪಡೆದ. ಮರುವರ್ಷ ಪನಾಮದಲ್ಲಿ ನಡೆದ ಮಧ್ಯ ಅಮೆರಿಕದ ಕ್ರೀಡಾಕೂಟದಲ್ಲಿ 800 ಮೀಟರ್ ಓಟದ ಚಿನ್ನ ಅವನದಾಯಿತು.

ಅಷ್ಟರಲ್ಲಿ ಮಹಾಯುದ್ಧ ಬಂದಿತು. 1940 ಮತ್ತು 1944ರ ಒಲಿಂಪಿಕ್ಸ್ ನಡೆಯಲೇ ಇಲ್ಲ. ಓಟಗಾರನ ಬಾಳಿನಲ್ಲಿ ಇಪ್ಪತ್ತರಿಂದ ಇಪ್ಪತ್ತೈದರ ವಯಸ್ಸೆಂದರೆ ಹೊಲಕ್ಕೆ ಮುಂಗಾರು ಇದ್ದಂತೆ. ವಿಂಟರ ಆ ವರ್ಷಗಳು ವಾಯುಪಡೆಯಲ್ಲಿ ಕಳೆದವು. ಕೆನಡದಲ್ಲಿ ತರಬೇತಿ ಪಡೆದು ಅವರು ಯುದ್ಧವಿಮಾನ ನಡೆಸಿದರು. ಯುದ್ಧ ಮುಗಿದ ತರುವಾಯ, 1947ರಲ್ಲಿ, ಲಂಡನ್ನಿನ ಸೇಂಟ್ ಬಾರ್ಥಲೋಮ್ಯು ಆಸ್ಪತ್ರೆಯಲ್ಲಿ ವೈದ್ಯ ವಿದ್ಯಾರ್ಥಿಯಾಗಿ ಸೇರಿದರು. ಮುಂದೆ ಅವರು ಗಳಿಸಿದ ಒಲಿಂಪಿಕ್ ಪದಕಗಳೆಲ್ಲವೂ ವಿದ್ಯಾರ್ಥಿದೆಸೆಯಲ್ಲಿಯೇ ಬಂದವು ಎಂಬುದನ್ನು ಓದಿದಾಗ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ.

1948ರ ಲಂಡನ್ ಒಲಿಂಪಿಕ್ಸಿನಲ್ಲಿ ಜಮೈಕ ಮೊದಲ ಸಲ ತನ್ನ ಹೆಸರಿನಲ್ಲಿ ಭಾಗವಹಿಸಿತು. 400 ಮೀಟರ್ ಓಟವನ್ನು ಗೆಲ್ಲುವವರು ಹರ್ಬ್ ಮೆಕೆನ್ಲಿ ಎಂದೇ ಎಲ್ಲರ ಎಣಿಕೆ. ಅವರೂ ಜಮೈಕದವರೇ, ಆ ದೂರದ ವಿಶ್ವದಾಖಲೆ ಅವರದೇ. ಅಂತಿಮ ಸ್ಪರ್ಧೆಯಲ್ಲಿ ಮೆಕೆನ್ಲಿ ಬಿರುಗಾಳಿಯಂತೆ ಮುಂದೆ ನುಗ್ಗಿದರು. ಆರಡಿಗೂ ಮೀರಿದ ಎತ್ತರದ ವಿಂಟರು ನೀಳವಾದ ಹೆಜ್ಜೆಗಳಿಂದ ಹಿಂಬಾಲಿಸಿ, ಕೊನೆಯ ನೇರದಲ್ಲಿ ಗೆಳೆಯನನ್ನು ದಾಟಿ 46.2 ಸೆಕೆಂಡುಗಳಲ್ಲಿ ಗುರಿ ಮುಟ್ಟಿದರು. ಜಮೈಕದ ಮೊಟ್ಟಮೊದಲ ಒಲಿಂಪಿಕ್ ಚಿನ್ನವದು. 800 ಮೀಟರಿನಲ್ಲಿ ಅವರಿಗೆ ಬೆಳ್ಳಿ ದೊರೆಯಿತು. ಆದರೆ 4x400 ಮೀಟರ್ ರಿಲೇ ಓಟದಲ್ಲಿ ಮೂರನೆಯವರಾಗಿ ಓಡುತ್ತಿದ್ದಾಗ ಅವರ ಕಾಲಿನ ಸ್ನಾಯು ಹಿಡಿದುಕೊಂಡಿತು. ಓಟ ಅಲ್ಲಿಗೇ ನಿಂತಿತು. ಕೋಲಿಗಾಗಿ ಕಾದಿದ್ದ ಮೆಕೆನ್ಲಿಯ ಕೈ ಬರಿದಾಗಿಯೇ ಉಳಿಯಿತು.

ಆ ನಾಲ್ವರೇ 1952ರಲ್ಲಿ ಹೆಲ್ಸಿಂಕಿಯಲ್ಲಿ ಮತ್ತೆ ಕೂಡಿದರು. ವಿಂಟರಿಗೆ ಆಗ ಮೂವತ್ತೆರಡು ವರ್ಷ. ಹಗಲು ರೋಗಿಗಳ ನಡುವೆ ಪಾಠ, ಉಳಿದ ಹೊತ್ತಿನಲ್ಲಿ ಓಟದ ಅಭ್ಯಾಸ. ಈ ಸಲ ಮೊದಲು ಓಡಿದವರು ಅವರೇ. ಅವರಿಂದ ಲೆಸ್ ಲೈಂಗ್, ಲೈಂಗ್‌ರಿಂದ ಮೆಕೆನ್ಲಿ ಕೋಲು ಪಡೆದರು. ಬಹಳ ಹಿಂದೆ ಬಿದ್ದಿದ್ದ ಮೆಕೆನ್ಲಿ ಆ ಅಂತರವನ್ನೆಲ್ಲ ತುಂಬಿದರು. ಕೊನೆಗೆ ಜಾರ್ಜ್ ರೋಡೆನ್ ಅಮೆರಿಕದವರಿಗಿಂತ ಸೆಕೆಂಡಿನ ಹತ್ತನೆಯ ಒಂದು ಭಾಗದಷ್ಟು ಮುಂಚೆ ಗುರಿ ಮುಟ್ಟಿದರು. 3 ನಿಮಿಷ 3.9 ಸೆಕೆಂಡು, ಹೊಸ ವಿಶ್ವದಾಖಲೆ. ನಾಲ್ಕು ವರ್ಷದ ಕೊರಗು ಅಂದು ತೀರಿತು.

ವಿಂಟರು 1953ರಲ್ಲಿ ವೈದ್ಯ ಪದವಿ ಪಡೆದರು. ಲಂಡನ್ನಿನಲ್ಲಿಯೇ ಸುಖವಾಗಿ ಇರಬಹುದಾಗಿತ್ತು. ಆದರೆ 1955ರಲ್ಲಿ ತಾಯ್ನಾಡಿಗೆ ಮರಳಿ, ಹ್ಯಾನೋವರ್ ಎಂಬ ಹಿಂದುಳಿದ ಜಿಲ್ಲೆಯನ್ನು ಸೇರಿದರು. ಅಲ್ಲಿ ನೆಲೆಸಿದ್ದ ವೈದ್ಯರು ಅವರೊಬ್ಬರೇ. 1962ರಲ್ಲಿ ಜಮೈಕ ಸ್ವತಂತ್ರವಾಯಿತು. 1974ರಿಂದ 1978ರವರೆಗೆ ವಿಂಟರು ಲಂಡನ್ನಿನಲ್ಲಿ ತಮ್ಮ ದೇಶದ ಹೈಕಮಿಷನರ್ ಆಗಿದ್ದರು. 1992ನೆಯ ಅಕ್ಟೋಬರ್ 19ರಂದು ತೀರಿಕೊಂಡರು. ಕಿಂಗ್ಸ್ಟನ್ನಿನ ರಾಷ್ಟ್ರೀಯ ಕ್ರೀಡಾಂಗಣದ ಬಳಿಯ ರಸ್ತೆಗೆ ಈಗ ಅವರ ಹೆಸರಿದೆ.

ಜಮೈಕದ ಗೆಲುವಿನ ಗುಟ್ಟು ಇಲ್ಲಿಯೇ ಇದೆಯೆಂದು ನನಗೆ ತೋರುತ್ತದೆ. ಅಲ್ಲಿ ಓಟ ಶಾಲೆಯ ಹೊರಗಿನದಲ್ಲ, ಶಾಲೆಯ ಒಳಗಿನದು. ಗೆದ್ದವರು ಬರಿಯ ಪದಕ ತಂದು ಸುಮ್ಮನಾಗಲಿಲ್ಲ. ತಾವೇ ತಿರುಗಿ ಬಂದರು. ಓಡಗೊಡದೆ ಹೋದ ಫಾಸ್ಟರ್ ಬಾಳಿಡೀ ಹುಡುಗರನ್ನು ಓಡಿಸಿದರು. ಮೆಕೆನ್ಲಿ ಶಾಲಾ ಬಾಲಕರಿಗೂ ರಾಷ್ಟ್ರದ ತಂಡಕ್ಕೂ ಗುರುವಾದರು. 1980ರಲ್ಲಿ ಫಾಸ್ಟರರ ಹೆಸರಿನಲ್ಲಿಯೇ ದೈಹಿಕ ಶಿಕ್ಷಣದ ಕಾಲೇಜೊಂದು ತೆರೆಯಿತು. ಅಲ್ಲಿ ಕಲಿತ ಶಿಕ್ಷಕರು ದ್ವೀಪದ ಶಾಲೆಗಳಿಗೆಲ್ಲ ಹರಡಿಕೊಂಡರು. ಬೋಲ್ಟ್ ಕೂಡ ಹಳ್ಳಿಗಾಡಿನ ಶಾಲೆಯೊಂದರ ಹುಡುಗನೇ. ಕ್ರಿಕೆಟ್ ಆಡುತ್ತಿದ್ದ ಆತನ ವೇಗವನ್ನು ಕಂಡು ಓಟದ ಕಡೆ ತಿರುಗಿಸಿದವರು ಆ ಶಾಲೆಯವರೇ. ವೇಗದ ಕಾಲುಗಳು ಎಲ್ಲ ನಾಡಿನಲ್ಲಿಯೂ ಹುಟ್ಟುತ್ತವೆ. ಅವನ್ನು ನೋಡುವ ಕಣ್ಣುಗಳು ಎಲ್ಲ ಕಡೆ ಇರುವುದಿಲ್ಲ.

ನಾನು ಈ ವರ್ಷ ಬಿ.ಎ. ಮುಗಿಸುತ್ತೇನೆ. ಮನೆಯಲ್ಲಿ ಎಲ್ಲರೂ ನನಗೊಂದು ಗುಮಾಸ್ತೆಯ ಕೆಲಸ ಸಿಗಲೆಂದು ದೇವರಿಗೆ ಹರಕೆ ಹೊತ್ತಿದ್ದಾರೆ. ನಾನಾದರೋ ದೈಹಿಕ ಶಿಕ್ಷಣದ ಪದವಿಗೆ ಸೇರುವ ಅರ್ಜಿಯನ್ನು ತುಂಬಿ ಟ್ರಂಕಿನಲ್ಲಿ ಇಟ್ಟುಕೊಂಡಿದ್ದೇನೆ. ಅವ್ವನಿಗೆ ಇನ್ನೂ ಹೇಳಿಲ್ಲ. ಅವಳಿಗೆ ಓದು ಬಾರದು. ಈ ಸಂಚಿಕೆ ಅಚ್ಚಾಗಿ ಕೈಗೆ ಬಂದ ದಿನ ಊರಿಗೆ ಹೋಗಿ, ಊಟವಾದ ಮೇಲೆ ಪಕ್ಕದಲ್ಲಿ ಕುಳಿತು, ವಿಂಟರ ಈ ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ಅವಳಿಗೆ ಓದಿ ಹೇಳುತ್ತೇನೆ. ಅರ್ಜಿಯ ಮಾತು ಆಮೇಲೆ.