ಮಿನುಗುವ ಹರಳು

ಮಳೆಗಾಲದಲ್ಲಿ ಉಪ್ಪಿನ ಭರಣಿಯ ಮುಚ್ಚಳವನ್ನು ಮರೆತು ತೆರೆದಿಟ್ಟರೆ, ಮರುದಿನ ಉಪ್ಪು ನೀರೊಡೆದಿರುವುದನ್ನು ನೀವು ಮನೆಯಲ್ಲಿ ಕಂಡಿರಬಹುದು. ಈ ಉಪ್ಪಿನ ಹತ್ತಿರದ ಬಂಧುವಾದ ಸೋಡಿಯಂ ಅಯೊಡೈಡ್ ಎಂಬ ಲವಣವು ಇನ್ನೂ ಬೇಗನೆ ನೀರಾಗುತ್ತದೆ. ಗಾಳಿಯ ತೇವವನ್ನೇ ತಾಳಲಾರದ ಈ ಲವಣವು ಕಣ್ಣಿಗೆ ಕಾಣದ ಗ್ಯಾಮಾ ಕಿರಣಗಳನ್ನು ಹಿಡಿದು ತೋರಿಸಬಲ್ಲದೆಂದು ಕಂಡುಕೊಂಡವನು ಅಮೆರಿಕದ ಭೌತವಿಜ್ಞಾನಿ ರಾಬರ್ಟ್ ಹಾಫ್‌ಸ್ಟಾಟರ್.

ಅವನು 1915ರ ಫೆಬ್ರುವರಿ 5ರಂದು ನ್ಯೂಯಾರ್ಕ್ ನಗರದಲ್ಲಿ ಜನಿಸಿದನು. ಬಡವರ ಮಕ್ಕಳಿಗೂ ಶುಲ್ಕವಿಲ್ಲದೆ ವಿದ್ಯೆ ನೀಡುತ್ತಿದ್ದ ಆ ಊರಿನ ಸಿಟಿ ಕಾಲೇಜಿನಲ್ಲಿ ಓದಿ 1935ರಲ್ಲಿ ಪದವಿಯನ್ನೂ, ಪ್ರಿನ್ಸ್‌ಟನ್ ವಿಶ್ವವಿದ್ಯಾನಿಲಯದಿಂದ 1938ರಲ್ಲಿ ಡಾಕ್ಟರೇಟನ್ನೂ ಪಡೆದನು. ಎರಡನೆಯ ಮಹಾಯುದ್ಧದ ವರ್ಷಗಳು ಸರ್ಕಾರದ ಮತ್ತು ಉದ್ಯಮದ ಪ್ರಯೋಗಾಲಯಗಳಲ್ಲಿ ಕಳೆದವು. 1946ರಲ್ಲಿ ಅವನು ಅಧ್ಯಾಪಕನಾಗಿ ಪ್ರಿನ್ಸ್‌ಟನ್‌ಗೆ ಹಿಂದಿರುಗಿದನು.

ಅದೇ ವರ್ಷ ಅಮೆರಿಕದ ಸೆನೆಟ್ಟಿನ ಗುಪ್ತಸಭೆಯೊಂದರಲ್ಲಿ ಅಣುಬಾಂಬಿನ ನಿರ್ಮಾಣಕ್ಕೆ ನೇತೃತ್ವ ವಹಿಸಿದ್ದ ಓಪನ್‌ಹೈಮರನಿಗೆ ಒಂದು ಪ್ರಶ್ನೆ ಎದುರಾಯಿತು. ಶತ್ರುಗಳು ಬಾಂಬನ್ನು ಪೆಟ್ಟಿಗೆಯಲ್ಲಿಟ್ಟು ನಗರದೊಳಗೆ ಕಳ್ಳತನದಿಂದ ಸಾಗಿಸಿದರೆ, ಅದನ್ನು ಪತ್ತೆ ಹಚ್ಚಲು ಯಾವ ಉಪಕರಣವಿದೆ? ಇರುವುದು ತಿರುಪುಳಿಯೊಂದೇ ಎಂಬುದು ಅವನ ಉತ್ತರವಾಗಿತ್ತು. ಬಂದ ಪೆಟ್ಟಿಗೆಗಳನ್ನೆಲ್ಲ ಒಂದೊಂದಾಗಿ ಬಿಚ್ಚಿ ನೋಡದೆ ಬೇರೆ ದಾರಿಯಿಲ್ಲವೆಂದು ಅದರ ಅರ್ಥ. ಕೇಳಲು ಹಾಸ್ಯದಂತಿದ್ದರೂ ಹಿರೋಷಿಮಾ ಬೂದಿಯಾಗಿ ಆಗ ಒಂದು ವರ್ಷವಷ್ಟೇ ಆಗಿತ್ತು.

ಆ ಕಾಲದಲ್ಲಿ ವಿಕಿರಣವನ್ನು ಅಳೆಯಲು ಗೈಗರ್ ನಳಿಕೆಯು ಬಳಕೆಯಲ್ಲಿತ್ತು. ಅದರೊಳಗಿರುವುದು ವಿರಳವಾದ ಅನಿಲ. ಗ್ಯಾಮಾ ಕಿರಣಗಳಲ್ಲಿ ಬಹುಪಾಲು ಯಾವ ಸುಳಿವನ್ನೂ ಕೊಡದೆ ಅದನ್ನು ದಾಟಿಹೋಗುತ್ತಿದ್ದವು. ಸಿಕ್ಕಿಬಿದ್ದ ಕಿರಣದ ಶಕ್ತಿ ಎಷ್ಟೆಂಬುದನ್ನೂ ಅದು ಹೇಳಲಾರದು. ಬಾಗಿಲಲ್ಲಿ ಯಾರೋ ಬಂದಿದ್ದಾರೆಂದು ಕೂಗಿ, ಬಂದವರು ಯಾರೆಂದು ತಿಳಿಸದ ಕಾವಲುಗಾರನಂತೆ ಅದರ ಸ್ಥಿತಿ. 1947ರಲ್ಲಿ ಬರ್ಲಿನ್ನಿನ ಕಾಲ್ಮನ್ ಎಂಬ ವಿಜ್ಞಾನಿ, ಬಟ್ಟೆಗಳಿಗೆ ನುಸಿ ಹತ್ತದಂತೆ ಪೆಟ್ಟಿಗೆಯಲ್ಲಿಡುವ ನ್ಯಾಫ್ತಲೀನ್ ಗಟ್ಟಿಯು ವಿಕಿರಣ ತಾಗಿದಾಗ ಮಿನುಗುವುದೆಂದು ತೋರಿಸಿಕೊಟ್ಟನು. ಆದರೆ ನ್ಯಾಫ್ತಲೀನಿನಲ್ಲಿರುವುದು ಇಂಗಾಲ ಮತ್ತು ಜಲಜನಕದ ಹಗುರ ಪರಮಾಣುಗಳು. ಗ್ಯಾಮಾ ಕಿರಣವನ್ನು ತಡೆದು ನಿಲ್ಲಿಸಲು ಭಾರವಾದ ಪರಮಾಣುಗಳು ಬೇಕು.

ಹಾಫ್‌ಸ್ಟಾಟರನ ಬುದ್ಧಿ ಅಯೊಡಿನ್ನಿನ ಕಡೆಗೆ ಹರಿಯಿತು. ಥ್ಯಾಲಿಯಂ ಲೋಹವನ್ನು ಲೇಶಮಾತ್ರ ಬೆರೆಸಿದರೆ ಇಂತಹ ಲವಣಗಳು ಬೆಳಗುವುದನ್ನು ಜರ್ಮನಿಯ ಗಾಟಿಂಗೆನ್ ನಗರದಲ್ಲಿ ಪೋಲ್ ಮತ್ತು ಅವನ ಸಂಗಡಿಗರು ಮೊದಲೇ ಅಭ್ಯಾಸ ಮಾಡಿದ್ದರು. ಹಳೆಯ ಆ ತಿಳಿವನ್ನು ಹೊಸ ಕೆಲಸಕ್ಕೆ ಹೂಡಿದ್ದೇ ಇವನ ಹೆಚ್ಚುಗಾರಿಕೆ. 1948ರಲ್ಲಿ ಅವನು ಸೋಡಿಯಂ ಅಯೊಡೈಡಿಗೆ ತುಸು ಥ್ಯಾಲಿಯಂ ಸೇರಿಸಿ ಕರಗಿಸಿ, ತೇವ ತಾಗದಂತೆ ಭದ್ರಪಡಿಸಿ ಪರೀಕ್ಷಿಸಿದನು. ಗ್ಯಾಮಾ ಕಿರಣ ಹೊಕ್ಕಾಗಲೆಲ್ಲ ಹರಳು ಕ್ಷಣಮಾತ್ರ ಮಿನುಗಿತು. ಆ ಮಿನುಗನ್ನು ಫೋಟೋಮಲ್ಟಿಪ್ಲಯರ್ ಎಂಬ ನಳಿಕೆಯು ವಿದ್ಯುತ್ ಸ್ಪಂದನವಾಗಿ ಹಲವು ಲಕ್ಷ ಪಟ್ಟು ಹಿಗ್ಗಿಸಿತು. ಕಿರಣದ ಶಕ್ತಿ ಹೆಚ್ಚಿದಷ್ಟೂ ಮಿನುಗು ಪ್ರಕಾಶಮಾನವಾಗುತ್ತದೆ. ಒಂದೊಂದು ವಿಕಿರಣಶೀಲ ಧಾತುವಿನ ಗ್ಯಾಮಾ ಕಿರಣಗಳಿಗೂ ಅದರದೇ ಆದ ಶಕ್ತಿಯಿರುವುದರಿಂದ, ಬಂದವರು ಯಾರೆಂದು ಹೇಳಬಲ್ಲ ಕಾವಲುಗಾರನು ಈಗ ದೊರೆತನು. ಶಕ್ತಿಯನ್ನು ಹೀಗೆ ಅಳೆಯುವ ಕ್ರಮವನ್ನು ಹಾಫ್‌ಸ್ಟಾಟರನೂ ಅವನ ಶಿಷ್ಯ ಮ್ಯಾಕಿಂಟೈರನೂ 1950ರಲ್ಲಿ ಸ್ಥಿರಪಡಿಸಿದರು.

ಅದೇ ವರ್ಷ ಅವನು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯಕ್ಕೆ ತೆರಳಿದನು. ಕೆಲಕಾಲದಲ್ಲೇ ಸರ್ಕಾರವು ಓಪನ್‌ಹೈಮರನಿಗೆ ಹಾಕಿದ್ದ ಪ್ರಶ್ನೆಯನ್ನೇ ಅವನಿಗೂ ಅವನ ಸಹೋದ್ಯೋಗಿ ಪನೋಫ್‌ಸ್ಕಿಗೂ ಒಪ್ಪಿಸಿತು. ಅವರಿಬ್ಬರು ಬರೆದುಕೊಟ್ಟ ರಹಸ್ಯ ವರದಿಗೆ ತಿರುಪುಳಿಯ ವರದಿ ಎಂಬ ಹೆಸರೇ ನಿಂತಿತು. ಹರಳು ಎಷ್ಟು ಸೂಕ್ಷ್ಮವಾಗಿದ್ದರೂ ಪ್ರಕೃತಿಯ ನಿಯಮಕ್ಕೆ ಕಟ್ಟುಬಿದ್ದಿದೆ. ದೂರ ಎರಡರಷ್ಟಾದರೆ ಅದಕ್ಕೆ ಸಿಗುವ ಕಿರಣ ಕಾಲುಭಾಗಕ್ಕೆ ಇಳಿಯುತ್ತದೆ. ಬಾಂಬಿನ ಯುರೇನಿಯಂ ಹೊರಸೂಸುವ ಮುಖ್ಯ ಗ್ಯಾಮಾ ಕಿರಣವನ್ನಂತೂ ಅರ್ಧ ಸೆಂಟಿಮೀಟರ್ ದಪ್ಪದ ಸೀಸದ ತಗಡೇ ಬಹುಮಟ್ಟಿಗೆ ನುಂಗಿಬಿಡುತ್ತದೆ. ಆದುದರಿಂದ ಬಂದರಿನ ಬಾಗಿಲಲ್ಲಿ ಹರಳಿಟ್ಟ ಮಾತ್ರಕ್ಕೆ ನಿಶ್ಚಿಂತೆಯಾಗಿ ಮಲಗುವಂತಿರಲಿಲ್ಲ, ಇಂದಿಗೂ ಹಾಗಿಲ್ಲ. ಆದರೂ ಬಂದರುಗಳಲ್ಲಿ, ಗಡಿಠಾಣೆಗಳಲ್ಲಿ ಅಧಿಕಾರಿಗಳು ಕೈಯಲ್ಲಿ ಹಿಡಿಯುವ ಶೋಧಕಗಳಲ್ಲಿ ಅನೇಕವುಗಳ ಒಳಗೆ ಇದೇ ಹರಳಿದೆ. ಆಸ್ಪತ್ರೆಗಳಲ್ಲಿ ಥೈರಾಯ್ಡ್ ಗ್ರಂಥಿಯ ಚಿತ್ರ ತೆಗೆಯುವ ಯಂತ್ರಕ್ಕೂ ಅದೇ ಕಣ್ಣು.

ಪರಮಾಣುವಿನ ಬೀಜಕ್ಕೆ ಎಲೆಕ್ಟ್ರಾನುಗಳನ್ನು ಹಾಯಿಸಿ ಪ್ರೋಟಾನಿನ ಗಾತ್ರವನ್ನು ಅಳೆದುದಕ್ಕಾಗಿ 1961ರಲ್ಲಿ ಹಾಫ್‌ಸ್ಟಾಟರನಿಗೆ ನೊಬೆಲ್ ಪಾರಿತೋಷಕವು ಜರ್ಮನಿಯ ಮೋಸ್‌ಬೌವರನೊಡನೆ ಹಂಚಿಕೆಯಾಗಿ ದೊರೆಯಿತು. ಲೋಕವು ಅವನನ್ನು ನೆನೆಯುವುದು ಆ ಕಾರ್ಯಕ್ಕಾಗಿ. ನನಗಾದರೋ ಹರಳಿನ ಕೆಲಸವೇ ಹೆಚ್ಚು ಹತ್ತಿರದ್ದೆನಿಸುತ್ತದೆ.

ಅವನಿಗೂ ಹರಳಿನ ಮೇಲಿನ ಮೋಹ ಹೋಗಲಿಲ್ಲ. ಮುಪ್ಪಿನಲ್ಲಿ, ಆಕಾಶದಿಂದ ಬರುವ ಗ್ಯಾಮಾ ಕಿರಣಗಳನ್ನು ಅಳೆಯಲು ಉಪಗ್ರಹವೊಂದರಲ್ಲಿ ಇಡತಕ್ಕ ದೂರದರ್ಶಕದ ಕಾರ್ಯದಲ್ಲಿ ತೊಡಗಿದನು. 1990ರ ನವೆಂಬರ್ 17ರಂದು ಅವನು ತೀರಿಕೊಂಡನು. ಐದು ತಿಂಗಳ ತರುವಾಯ, 1991ರ ಏಪ್ರಿಲಿನಲ್ಲಿ, ಆ ಉಪಗ್ರಹವು ಸೋಡಿಯಂ ಅಯೊಡೈಡಿನ ದೊಡ್ಡ ಹರಳುಗಳನ್ನು ಹೊತ್ತು ಮೇಲೇರಿತು.