ತಲೆ ಅಳೆದು ಡಾಕ್ಟರಾದ ಇರಾವತಿ ಕರ್ವೆ



ಹೋದ ತಿಂಗಳು ಊಟದ ಬಿಡುವಿನಲ್ಲಿ ನಮ್ಮ ತರಗತಿಯ ಹುಡುಗರು ಹುರಿ ತಗೊಂಡು ಎಲ್ಲರ ತಲೆ ಅಳೆದದ್ದು ನಿಮಗೆ ನೆನಪಿರಬೇಕು. ಯಾರ ತಲೆ ದೊಡ್ಡದೋ ಅವರೇ ಜಾಣರು ಅಂತ ತೀರ್ಮಾನ ಆಯ್ತು. ಎಲ್ಲರಿಗಿಂತ ಸಣ್ಣ ತಲೆ ನನ್ನದೇ. ಎಲ್ಲರೂ ನಕ್ಕರು, ನಾನೂ ನಕ್ಕೆ. ಮನೆಗೆ ಹೋಗಿ ಮಾತ್ರ ಅತ್ತುಬಿಟ್ಟೆ. ಮರುದಿನ ವಿಜ್ಞಾನದ ಗುರುಗಳು ನನ್ನನ್ನು ಕರೆದು ಇರಾವತಿ ಕರ್ವೆಯವರ ಕಥೆ ಹೇಳಿದರು. ಅದನ್ನೇ ಇಲ್ಲಿ ಬರೆದಿದ್ದೇನೆ.

ಇರಾವತಿಯವರು ಹುಟ್ಟಿದ್ದು 1905ರ ಡಿಸೆಂಬರ್ 15ರಂದು, ಬರ್ಮಾ ದೇಶದಲ್ಲಿ. ಅಲ್ಲಿಯ ಇರಾವತಿ ನದಿಯ ಹೆಸರನ್ನೇ ಮಗಳಿಗೆ ಇಟ್ಟರು. ಏಳು ವರ್ಷದವಳಿದ್ದಾಗ ಓದಲು ಪುಣೆಗೆ ಕಳಿಸಿದರು. ನಮ್ಮಲ್ಲಿ ಪಕ್ಕದ ಊರಿಗೆ ಕಳಿಸೋಕೂ ಹಿಂದೆ ಮುಂದೆ ನೋಡ್ತಾರೆ, ಅವರು ಸಮುದ್ರ ದಾಟಿ ಬಂದರು!

ಮುಂದೆ ಮುಂಬಯಿಯಲ್ಲಿ ಎಂ.ಎ. ಮುಗಿಸಿ, ಜರ್ಮನಿಯ ಬರ್ಲಿನ್‌ನಲ್ಲಿ ದೈಹಿಕ ಮಾನವಶಾಸ್ತ್ರದಲ್ಲಿ ಪಿಎಚ್.ಡಿ. ಮಾಡಬೇಕೆಂದು ಹೊರಟರು. ಮನುಷ್ಯರ ಎಲುಬು, ತಲೆಬುರುಡೆ, ರಕ್ತ, ಮೈಕಟ್ಟು ಇವನ್ನೆಲ್ಲ ಅಭ್ಯಾಸ ಮಾಡೋ ಶಾಸ್ತ್ರ ಇದು. ಅಷ್ಟರಲ್ಲಿ ಅವರಿಗೆ ಮದುವೆ ಆಗಿತ್ತು. ಮಾವನವರು ಮಹರ್ಷಿ ಧೋಂಡೋ ಕೇಶವ ಕರ್ವೆ. ಹೆಣ್ಣುಮಕ್ಕಳಿಗಾಗಿ 1916ರಲ್ಲಿ ವಿಶ್ವವಿದ್ಯಾಲಯವನ್ನೇ ಕಟ್ಟಿದವರು, ಮುಂದೆ ಭಾರತರತ್ನ ಪಡೆದವರು. ಅಂಥವರೇ ಸೊಸೆ ಪರದೇಶಕ್ಕೆ ಹೋಗೋದು ಬೇಡವೆಂದರು! ಪತಿ ದಿನಕರ ಕರ್ವೆಯವರು ಮಾತ್ರ ಬೆನ್ನಿಗೆ ನಿಂತರು. ಜೀವರಾಜ ಮೆಹ್ತಾ ಅವರಿಂದ ಸಾಲ ತಗೊಂಡು ಇರಾವತಿ 1928ರಲ್ಲಿ ಹಡಗು ಹತ್ತಿದರು.

ಬರ್ಲಿನ್‌ನಲ್ಲಿ ಅವರ ಗುರು ಆಯ್ಗೆನ್ ಫಿಶರ್. ಬಿಳಿಯರ ತಲೆಬುರುಡೆಯ ಎಡಬಲಗಳಲ್ಲಿ ವ್ಯತ್ಯಾಸ ಹೆಚ್ಚು, ಅದಕ್ಕೇ ಅವರ ಬುದ್ಧಿ ಹೆಚ್ಚು ಎಂಬುದು ಅವರ ಊಹೆ. ಅದನ್ನು ಪರೀಕ್ಷಿಸುವ ಕೆಲಸ ಶಿಷ್ಯೆಯ ಪಾಲಿಗೆ ಬಂತು. ಇರಾವತಿ 149 ತಲೆಬುರುಡೆಗಳನ್ನು ಒಂದೊಂದಾಗಿ ಅಳೆದರು. ಯುರೋಪಿನವರವೂ ಇದ್ದವು, ಬೇರೆ ಖಂಡದವರವೂ ಇದ್ದವು. ಎಡಬಲ ಸ್ವಲ್ಪ ಹೆಚ್ಚುಕಡಿಮೆ ಇರೋದು ಎಲ್ಲ ಮನುಷ್ಯರಲ್ಲೂ ಕಂಡಿತು. ಜನಾಂಗಕ್ಕೂ ಅದಕ್ಕೂ ಸಂಬಂಧ ಸಿಗಲಿಲ್ಲ.

ಈಗ ಯೋಚನೆ ಮಾಡಿರಿ. ಪರದೇಶ, ಮೈಮೇಲೆ ಸಾಲ, ಅಂಕ ಕೊಡೋರು ಅದೇ ಗುರುಗಳು. ಅವರಿಗೆ ಬೇಕಾದಂತೆ ಬರೆದಿದ್ದರೆ ಯಾರಿಗೆ ಗೊತ್ತಾಗ್ತಿತ್ತು? ಆದರೆ ಕಂಡದ್ದನ್ನೇ ಬರೆದರು. ಕಡಿಮೆ ದರ್ಜೆ ಸಿಕ್ಕಿತು, ಆದರೂ 1930ರಲ್ಲಿ ಡಾಕ್ಟರ್ ಇರಾವತಿ ಆಗಿ ಮರಳಿದರು. ಕೆಲವೇ ವರ್ಷಗಳಲ್ಲಿ ಹಿಟ್ಲರ್ ಆಳ್ವಿಕೆ ಬಂದು, ಜನಾಂಗದ ಹೆಸರಿನಲ್ಲಿ ಲಕ್ಷಗಟ್ಟಲೆ ಜನರನ್ನು ಕೊಂದರು. ಸುಳ್ಳು ಅಳತೆ ಎಷ್ಟು ದೂರ ಹೋಗ್ತದೆ ನೋಡಿರಿ.

1939ರಿಂದ ಅವರು ಪುಣೆಯ ಡೆಕ್ಕನ್ ಕಾಲೇಜಿನಲ್ಲಿದ್ದರು. ಊರೂರು ತಿರುಗಿ ಜನರ ಅಳತೆ ತೆಗೆದರು. ನಮ್ಮ ಕರ್ನಾಟಕದ ಜನರನ್ನೂ ಅಳೆದು 1954ರಲ್ಲಿ ಲೇಖನ ಬರೆದರು. ಮಹಾಭಾರತದ ಬಗ್ಗೆ ಮರಾಠಿಯಲ್ಲಿ ಬರೆದ ಯುಗಾಂತಕ್ಕೆ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಪುಣೆಯಲ್ಲಿ ಸ್ಕೂಟರ್ ಓಡಿಸಿದ ಮೊದಲ ಹೆಂಗಸು ಅವರೇ ಅಂತಾರೆ. ಅವರ ಜೊತೆ ಕೆಲಸ ಮಾಡಿದ ಕೆ.ಸಿ. ಮಲ್ಹೋತ್ರಾ ಅವರು ಎಂ.ಎಸ್. ನಾಗರಾಜರಾವ್ ಅವರೊಡನೆ ನಮ್ಮದೇ ಜಿಲ್ಲೆಯ ತೆಕ್ಕಲಕೋಟೆಯ ಶಿಲಾಯುಗದ ಜನರ ಮೇಲೆ 1965ರಲ್ಲಿ ಪುಸ್ತಕ ತಂದರು. ಅಂದರೆ ಈ ಶಾಸ್ತ್ರ ನಮ್ಮ ಗುಡ್ಡಗಳಿಗೂ ಬಂದಿತ್ತು! ಇರಾವತಿಯವರು 1970ರ ಆಗಸ್ಟ್ 11ರಂದು ತೀರಿಕೊಂಡರು.

ಹತ್ತನೇ ತರಗತಿ ಆದ ಮೇಲೆ ಸಂಡೂರಿಗೋ ಹೊಸಪೇಟೆಗೋ ಕಳಿಸ್ರಿ ಅಂತ ಅಪ್ಪನ್ನ ಕೇಳೀನಿ. ಅಪ್ಪ ಇನ್ನೂ ಹೂಂ ಅಂದಿಲ್ಲ, ಬ್ಯಾಡ ಅಂತಲೂ ಅಂದಿಲ್ಲ. ಈ ಕಥೆಯನ್ನು ರಾತ್ರಿ ಅವರಿಗೂ ಓದಿ ಹೇಳಿದೆ. ಮಾವ ಒಪ್ಪದ ಸಂಗತಿ ಬಂದಾಗ ಇನ್ನೊಮ್ಮೆ ಓದು ಅಂದರು.

ಹುರಿ ಇನ್ನೂ ನಮ್ಮ ತರಗತಿಯ ಕಿಟಕಿಯಲ್ಲೇ ಐತಿ. ಗೆಳೆಯರೇ, ಅದರಿಂದ ಗಿಡಕ್ಕೆ ಆಸರೆ ಕಟ್ಟೋಣ.

— ಒಂಬತ್ತನೇ ತರಗತಿಯ ಒಬ್ಬ ವಿದ್ಯಾರ್ಥಿನಿ, ಬಂಡ್ರಿ