ಲೂಕಾಸ್ ಮೇಷ್ಟರು ಮತ್ತು 39 ಅಂಕಿಗಳ ಸಂಖ್ಯೆ

ಎಡುವಾರ್ ಲೂಕಾಸ್ ಹುಟ್ಟಿದ್ದು 1842ರಲ್ಲಿ, ಉತ್ತರ ಫ್ರಾನ್ಸಿನ ಅಮಿಯಾಂ ಪಟ್ಟಣದಲ್ಲಿ. ಓದು ಮುಗಿಸಿ ಪ್ಯಾರಿಸಿನ ಖಗೋಳ ವೀಕ್ಷಣಾಲಯದಲ್ಲಿ ಕೆಲಸ ಮಾಡಿದರು. 1870ರ ಪ್ರಷ್ಯಾ ಯುದ್ಧದಲ್ಲಿ ಫಿರಂಗಿ ದಳದ ಅಧಿಕಾರಿಯಾಗಿದ್ದರು. ಆಮೇಲೆ ಕಡೆಯವರೆಗೂ ಶಾಲೆಯ ಗಣಿತ ಶಿಕ್ಷಕರು.

ಅವರನ್ನು ಕಾಡಿದ್ದು 2ರ ಘಾತದಿಂದ 1 ಕಳೆದಾಗ ಸಿಗುವ ಸಂಖ್ಯೆಗಳು. ಘಾತಾಂಕ 2, 3, 5, 7 ಆದಾಗ ಬರುವ 3, 7, 31, 127 ಅವಿಭಾಜ್ಯಗಳು. 11 ಆದಾಗ ಬರುವ 2047 ಮಾತ್ರ ಕೈಕೊಡುತ್ತದೆ. ಅದು 23 × 89. ಫ್ರೆಂಚ್ ಪಾದ್ರಿ ಮರ್ಸೆನ್ 1644ರಲ್ಲಿ ಕೊಟ್ಟ ಅವಿಭಾಜ್ಯಗಳ ಪಟ್ಟಿಯಲ್ಲಿ 67 ಮತ್ತು 127ನೇ ಘಾತಗಳೂ ಇದ್ದವು. ಇನ್ನೂರು ವರ್ಷ ಕಳೆದರೂ ಆ ಎರಡನ್ನು ಯಾರೂ ಇತ್ಯರ್ಥ ಮಾಡಿರಲಿಲ್ಲ. 127ನೆಯದು ಇದು:

170141183460469231731687303715884105727

ವರ್ಗಮೂಲದವರೆಗಿನ ಅವಿಭಾಜ್ಯಗಳಿಂದ ಭಾಗಿಸಿ ನೋಡಿ ಎಂದು ನಾವು ತರಗತಿಯಲ್ಲಿ ಹೇಳುತ್ತೇವೆ. ಇದರ ವರ್ಗಮೂಲಕ್ಕೇ 20 ಅಂಕಿ! ಆ ದಾರಿ ಹಿಡಿದರೆ ಜನ್ಮ ಸಾಲದು.

ಲೂಕಾಸ್ ಬೇರೆ ದಾರಿ ಕಂಡುಕೊಂಡರು. ಅದನ್ನು 127 ಎಂಬ ಸಣ್ಣ ಸಂಖ್ಯೆಯ ಮೇಲೆ ಕಪ್ಪುಹಲಗೆಯಲ್ಲೇ ಮಾಡಿ ತೋರಿಸಬಹುದು. 3ರಿಂದ ಆರಂಭಿಸಿ. ವರ್ಗ ಮಾಡಿ 2 ಕಳೆಯಿರಿ: 7. ಮತ್ತೆ ಹಾಗೆಯೇ: 47. ಮತ್ತೆ: 2207, ಇದು 127ನ್ನು ಮೀರಿತು, ಆದ್ದರಿಂದ 127ರಿಂದ ಭಾಗಿಸಿ ಶೇಷವನ್ನಷ್ಟೇ ಇಟ್ಟುಕೊಳ್ಳಿ: 48. ಮುಂದಿನ ಶೇಷ 16. ಅದರ ವರ್ಗ 256, 2 ಕಳೆದರೆ 254, ಅಂದರೆ 127ರ ಎರಡರಷ್ಟು. ಶೇಷ ಸೊನ್ನೆ. ಘಾತಾಂಕ 7 ಆಗಿರುವಾಗ ಆರನೆಯ ಪದ ಸೊನ್ನೆಯಾದರೆ ಸಂಖ್ಯೆ ಅವಿಭಾಜ್ಯ. (ಎಲ್ಲ ಘಾತಾಂಕಕ್ಕೂ 3ರಿಂದ ಹೊರಡುವಂತಿಲ್ಲ, ಘಾತಾಂಕವನ್ನು 4ರಿಂದ ಭಾಗಿಸಿದಾಗ 3 ಉಳಿಯಬೇಕು. 7, 67, 127 ಮೂರೂ ಹಾಗಿವೆ.)

ಘಾತಾಂಕ 127ಕ್ಕೆ 126ನೆಯ ಪದದವರೆಗೆ ಹೋಗಬೇಕು, 39 ಅಂಕಿಗಳ ಗುಣಾಕಾರ ಮಾಡುತ್ತಾ, ಕೈಯಲ್ಲೇ. 1876ರಲ್ಲಿ ಲೂಕಾಸ್ ಆ ಸಂಖ್ಯೆ ಅವಿಭಾಜ್ಯವೆಂದು ಸಾರಿದರು. 67ನೇ ಘಾತದ್ದು ಅವಿಭಾಜ್ಯವಲ್ಲ, ಮರ್ಸೆನ್ ಪಟ್ಟಿ ತಪ್ಪು ಎಂದೂ ತೋರಿಸಿದರು. ಹಾಗಾದರೆ ಅದನ್ನು ಭಾಗಿಸುವುದು ಯಾವುದು? ತರಗತಿಯಲ್ಲಿ ಯಾರಾದರೂ ಇದನ್ನು ಕೇಳಿಯೇ ಕೇಳುತ್ತಾರೆ, ಕೇಳಲಿ. ಲೂಕಾಸರ ಪರೀಕ್ಷೆ ಅದನ್ನು ಹೇಳುವುದಿಲ್ಲ. ಅಪವರ್ತನ ಒಂದೂ ಕೈಗೆ ಸಿಗದೆಯೇ ಅಪವರ್ತನಗಳಿವೆ ಎಂದು ಖಚಿತಪಡಿಸುವುದೇ ಅದರ ಸೋಜಿಗ. ಉತ್ತರ ಬಂದದ್ದು 1903ರಲ್ಲಿ, ಅಮೆರಿಕದ ಕೋಲ್ ಅವರಿಂದ: 193707721 × 761838257287.

ಮಕ್ಕಳು ಆಡುವ ಹನೋಯಿ ಗೋಪುರವೂ ಲೂಕಾಸರದೇ, 1883ರದು. ಮೂರು ಕಂಬ, ಒಂದರ ಮೇಲೊಂದು ಬಿಲ್ಲೆ. ದೊಡ್ಡದನ್ನು ಚಿಕ್ಕದರ ಮೇಲೆ ಇಡುವಂತಿಲ್ಲ. ಏಳು ಬಿಲ್ಲೆ ಸಾಗಿಸಲು ಕನಿಷ್ಠ 127 ನಡೆ ಬೇಕು. ಅದೇ 127.

1891ರಲ್ಲಿ ಒಂದು ವಿಜ್ಞಾನ ಸಮ್ಮೇಳನದ ಊಟದ ವೇಳೆ ತಟ್ಟೆ ಬಿದ್ದು ಒಡೆಯಿತು. ಚೂರು ಸಿಡಿದು ಅವರ ಕೆನ್ನೆಗೆ ತಗುಲಿತು. ಗಾಯ ನಂಜಾಗಿ ಕೆಲವೇ ದಿನಗಳಲ್ಲಿ ತೀರಿಕೊಂಡರು. ವಯಸ್ಸು 49. ಅವರ 39 ಅಂಕಿಗಳ ಸಂಖ್ಯೆಗಿಂತ ದೊಡ್ಡ ಅವಿಭಾಜ್ಯ 1951ರವರೆಗೂ ಯಾರಿಗೂ ಸಿಗಲಿಲ್ಲ; ಅದು ಸಿಕ್ಕಿದ್ದೂ ಲೆಕ್ಕದ ಯಂತ್ರದ ನೆರವಿನಿಂದ.